ಕಾರು ತಿಂಗಳುಗಟ್ಟಲೆ ನಿಂತರೂ ಬ್ಯಾಟರಿ ಇಳಿಯದಂತೆ ನೋಡಿಕೊಳ್ಳುವುದು ಹೇಗೆ?

ವಿಜಯಪುರದ ಯಾವ ಓಣಿಗೆ ಹೋದರೂ ಒಂದು ಕಾರು ಕವರ್ ಹೊದ್ದುಕೊಂಡು ನಿಂತಿರುತ್ತದೆ. ಮಗ ಪುಣೆಯಲ್ಲೋ ಬೆಂಗಳೂರಲ್ಲೋ ಕೆಲಸಕ್ಕಿರುತ್ತಾನೆ, ಇಲ್ಲವೇ ಮಿಲಿಟರಿಯಲ್ಲಿರುತ್ತಾನೆ. ಮನೆಯಲ್ಲಿರುವ ಹಿರಿಯರಿಗೆ ಡ್ರೈವಿಂಗ್ ಬರುವುದಿಲ್ಲ. ಬಂದರೂ ಗಾಂಧಿ ಚೌಕಕ್ಕೆ ಹೋಗಿ ಬರಲು ಸ್ಕೂಟರ್ ಸಾಕು. ಎಳ್ಳಮಾವಾಸ್ಯೆಗೆ ಮಗ ಬರುತ್ತಾನೆ, ಚರಗದ ಬುತ್ತಿ ಕಟ್ಟಿ ಎಲ್ಲರೂ ಹೊಲಕ್ಕೆ ಹೊರಟು ನಿಂತಿರುತ್ತಾರೆ, ಕೀಲಿ ತಿರುವಿದರೆ ಬಾನೆಟ್ ಒಳಗಿಂದ ಬರೀ ಕಟ್‌ಕಟ್ ಸದ್ದು.

ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ: "ದಿನಾ ಮುಂಜಾನೆ ಐದು ನಿಮಿಷ ಚಾಲೂ ಮಾಡಿ ಇಡ್ರೀ." ನನಗೆ ಈ ಮದ್ದಿನ ಮೇಲೆ ನಂಬಿಕೆ ಇಲ್ಲ. ಕಾರಣ ಮುಂದೆ ಹೇಳುತ್ತೇನೆ. ನಿಜಕ್ಕೂ ಇರುವ ದಾರಿ ಎರಡೇ. ಬ್ಯಾಟರಿಯಿಂದ ಕರೆಂಟ್ ಸೋರುವುದನ್ನು ನಿಲ್ಲಿಸಬೇಕು, ಇಲ್ಲವೇ ಸೋರಿದಷ್ಟನ್ನು ತುಂಬುತ್ತಿರಬೇಕು. ಇವೆರಡರಲ್ಲಿ ಯಾವುದು ಬೇಕು ಅನ್ನುವುದು ಗಾಡಿ ಎಷ್ಟು ದಿನ ನಿಲ್ಲುತ್ತದೆ ಅನ್ನುವುದರ ಮೇಲಿದೆ.

ಬಂದ್ ಇದ್ದ ಗಾಡಿಯಲ್ಲಿ ಚಾರ್ಜ್ ಎಲ್ಲಿಗೆ ಹೋಗುತ್ತದೆ?

ಕೀಲಿ ತೆಗೆದ ಮೇಲೂ ಕಾರು ಪೂರ್ತಿ ಮಲಗುವುದಿಲ್ಲ. ಗಡಿಯಾರ ಓಡುತ್ತಿರುತ್ತದೆ, ರಿಮೋಟ್ ಸಿಗ್ನಲ್‌ಗಾಗಿ ಲಾಕ್ ಕಾಯುತ್ತಿರುತ್ತದೆ, ಕಂಪ್ಯೂಟರ್ ತನ್ನ ನೆನಪನ್ನು ಹಿಡಿದುಕೊಂಡಿರುತ್ತದೆ. ಇದಕ್ಕೆಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್ ಕರೆಂಟ್ ಹೋಗುವುದು ಸಹಜ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. 50 ಮಿಲಿಆಂಪಿಯರ್ 24 ತಾಸು ಹೋದರೆ 1.2 ಆಂಪಿಯರ್ ಅವರ್ (ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದರ ಅಳತೆ). ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್ ಅವರ್‌ನದ್ದು. ಎರಡು ವಾರಕ್ಕೆ ಸುಮಾರು 17 ಹೋಯಿತು, ಅಂದರೆ ಅರ್ಧ ಬ್ಯಾಟರಿ ಖಾಲಿ. ಇದು ಹೊಸ ಬ್ಯಾಟರಿಯ ಲೆಕ್ಕ. ಮೂರು ವರ್ಷ ಹಳೆಯದಾದರೆ ಅದರಲ್ಲಿ 35 ಹಿಡಿಯುವುದೇ ಇಲ್ಲ.

ಇದರ ಮೇಲೆ ನಾವು ಹಾಕಿಸಿಕೊಂಡದ್ದು ಬೇರೆ. ದೊಡ್ಡ ಸ್ಕ್ರೀನಿನ ಮ್ಯೂಸಿಕ್ ಸಿಸ್ಟಮ್, ಜಿಪಿಎಸ್ ಟ್ರ್ಯಾಕರ್, ನಿಂತಾಗಲೂ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್, ಹೊರಗಿನ ಅಂಗಡಿಯಲ್ಲಿ ಕೂರಿಸಿದ ಸೆಂಟ್ರಲ್ ಲಾಕ್. ಇವುಗಳಲ್ಲಿ ಕೆಲವಕ್ಕೆ ಕೀಲಿ ಬಂದ್ ಆದರೂ ಕರೆಂಟ್ ಬರುವ ವೈರಿಗೇ ನೇರ ಜೋಡಣೆ ಕೊಟ್ಟಿರುತ್ತಾರೆ. ಆಗ ವಾರದೊಳಗೆ ಬ್ಯಾಟರಿ ಖಾಲಿಯಾದರೂ ಆಶ್ಚರ್ಯವಿಲ್ಲ.

ಇನ್ನೊಂದು ಸೋರಿಕೆ ಬ್ಯಾಟರಿಯ ಒಳಗೇ ಇದೆ. ಯಾವ ವೈರೂ ಇಲ್ಲದೆ ಸುಮ್ನೆ ಇಟ್ಟರೂ ಲೆಡ್ ಆಸಿಡ್ ಬ್ಯಾಟರಿ ತನ್ನಷ್ಟಕ್ಕೆ ತಾನೇ ಇಳಿಯುತ್ತದೆ. 25 ಡಿಗ್ರಿ ಹವೆಯಲ್ಲಿ ತಿಂಗಳಿಗೆ ನೂರಕ್ಕೆ ಐದರ ಆಸುಪಾಸು. ಬಿಸಿ ಪ್ರತಿ 10 ಡಿಗ್ರಿ ಏರಿದಾಗ ಈ ಇಳಿತ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನ ಕೆಳಗಂತೂ ಕೇಳುವುದೇ ಬೇಡ. ಹಾಗಾಗಿ ಬೇಸಿಗೆಯಲ್ಲಿ ಕಾರು ನಿಲ್ಲಿಸುವುದಾದರೆ ತಗಡಿಗಿಂತ ಬೇವಿನ ಗಿಡದ ನೆರಳು ಎಷ್ಟೋ ಮೇಲು. ಹಕ್ಕಿ ಹಿಕ್ಕೆಗೆ ಕವರ್ ಹಾಕಿದರಾಯಿತು.

ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಅನ್ನುವುದು ಮುಖ್ಯ. ಒಳಗಿನ ಸೀಸದ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಹರಳು ಕಟ್ಟುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಅದು ಕರಗುತ್ತದೆ. ವಾರಗಟ್ಟಲೆ ಬಿಟ್ಟರೆ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಪೂರ್ತಿ ಬಿಡುವುದಿಲ್ಲ. ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಎಬ್ಬಿಸಿ, "ಜಂಪ್ ಕೊಟ್ಟು ಚಾಲೂ ಆಯ್ತಲ್ಲ, ಮುಗೀತು" ಅನ್ನುವವರ ಬ್ಯಾಟರಿ ಒಂದೆರಡು ವರ್ಷದಲ್ಲೇ ಗುಜರಿಗೆ ಹೋಗುವುದು ಇದಕ್ಕೇ.

ಮೊದಲ ಕೆಲಸ: ಬ್ಯಾಟರಿಯ ನಾಡಿ ನೋಡಿ

ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ತಂದಿಟ್ಟುಕೊಳ್ಳಿ. ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಅಗ್ಗದ್ದೇ ಸಾಕು. ಗಾಡಿ ಓಡಿಸಿ ಬಂದ ಕೂಡಲೇ ಅಳೆಯಬೇಡಿ, ಆಗ ಸುಳ್ಳು ಲೆಕ್ಕ ತೋರಿಸುತ್ತದೆ. ರಾತ್ರಿಯೆಲ್ಲ ನಿಂತ ಮೇಲೆ ಮುಂಜಾನೆ ನೋಡಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕೆಂಪು ಕಡ್ಡಿ ಪ್ಲಸ್‌ಗೆ, ಕರಿ ಕಡ್ಡಿ ಮೈನಸ್‌ಗೆ.

12.6 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬ್ಯಾಟರಿ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕೆ ಬಂತೆಂದರೆ ಕಾಲು ಭಾಗ ಮಾತ್ರ ಉಳಿದಿದೆ, ಇವತ್ತೇ ಚಾರ್ಜ್ ಮಾಡಬೇಕು. ನೋಡಿ, ತುಂಬಿದ್ದಕ್ಕೂ ಖಾಲಿಗೂ ಒಂದು ವೋಲ್ಟಿನಷ್ಟೂ ಅಂತರವಿಲ್ಲ. "12 ವೋಲ್ಟ್ ಬ್ಯಾಟರಿ, 12 ತೋರಿಸ್ತಾ ಇದೆ, ಸರಿ ಇದೆ" ಅನ್ನುವುದು ತಪ್ಪು. ನನ್ನ ಗೆರೆ 12.4. ಅದರ ಕೆಳಗೆ ಇಳಿಯಲು ಬಿಡಬಾರದು.

ಹಲವು ಮೇಂಟೆನೆನ್ಸ್ ಫ್ರೀ (ನೀರು ಹಾಕಬೇಕಿಲ್ಲದ) ಬ್ಯಾಟರಿಗಳ ಮೇಲೆ ಒಂದು ಸಣ್ಣ ಗಾಜಿನ ಕಣ್ಣು ಇರುತ್ತದೆ. ಹಸಿರು ಕಂಡರೆ ಚೆನ್ನಾಗಿದೆ, ಕಪ್ಪು ಕಂಡರೆ ಚಾರ್ಜ್ ಬೇಕು, ಬಿಳಿ ಕಂಡರೆ ಒಳಗಿನ ದ್ರವ ಇಳಿದಿದೆ ಅಂತ ಸಾಮಾನ್ಯ ಅರ್ಥ. ಆದರೆ ಆರು ಸೆಲ್‌ಗಳಲ್ಲಿ ಅದು ನೋಡುವುದು ಒಂದನ್ನು ಮಾತ್ರ. ನಾನು ಮೀಟರನ್ನೇ ನಂಬುತ್ತೇನೆ.

ಸೋರಿಕೆ ಎಷ್ಟಿದೆ ಅಂತ ಅಳೆಯುವುದು

ಸ್ವಲ್ಪ ಕೈ ಓಡುವವರು ಇದನ್ನು ಮನೆಯಲ್ಲೇ ಮಾಡಬಹುದು. ಹಿಂಜರಿಕೆ ಇದ್ದರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ.

ಬಾನೆಟ್ ತೆರೆದಿಡಿ. ಕೀಲಿಯನ್ನು ಗಾಡಿಯಿಂದ ದೂರ, ಮನೆಯೊಳಗೆ ಇಡಿ. ಮೈನಸ್ ಟರ್ಮಿನಲ್ಲಿನ ಕೇಬಲ್ ಬಿಚ್ಚಿ. ಮೀಟರಿನ ಕೆಂಪು ಕಡ್ಡಿಯ ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಗುಂಡಿಯನ್ನೂ ಡಿಸಿ 10 ಆಂಪಿಯರಿಗೆ ತಿರುಗಿಸಿ, ಅಲ್ಲೇ ಎಲ್ಲರೂ ಎಡವುವುದು. ಒಂದು ಕಡ್ಡಿ ಬಿಚ್ಚಿದ ಕೇಬಲ್ಲಿಗೆ, ಇನ್ನೊಂದು ಬ್ಯಾಟರಿಯ ಮೈನಸ್ ಗೂಟಕ್ಕೆ. ಈಗ ಗಾಡಿಯ ಕರೆಂಟೆಲ್ಲ ಮೀಟರಿನ ಮೂಲಕವೇ ಹೋಗುತ್ತದೆ. ಮೊದಲಿಗೆ ಒಂದೆರಡು ಆಂಪಿಯರ್ ತೋರಿಸಿದರೆ ಹೆದರಬೇಡಿ, ಕಂಪ್ಯೂಟರುಗಳು ಇನ್ನೂ ಎಚ್ಚರವಿರುತ್ತವೆ. ಅರ್ಧ ತಾಸು ಬಿಡಿ. ಅಂಕಿ ಇಳಿಯುತ್ತಾ ಬಂದು 0.02ರಿಂದ 0.05ರ ನಡುವೆ ನಿಂತರೆ ಗಾಡಿ ಸರಿ ಇದೆ. 0.2, 0.3ರಲ್ಲೇ ನಿಂತರೆ ಎಲ್ಲೋ ಕಳ್ಳ ಇದ್ದಾನೆ. ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ. ಯಾವುದನ್ನು ತೆಗೆದಾಗ ಅಂಕಿ ದಪ್ಪನೆ ಬೀಳುತ್ತದೋ ಕಳ್ಳ ಆ ಸಾಲಿನಲ್ಲೇ ಇದ್ದಾನೆ. ಹೆಚ್ಚಾಗಿ ಅದು ಡಿಕ್ಕಿಯ ಆರದ ದೀಪ ಅಥವಾ ಮ್ಯೂಸಿಕ್ ಸಿಸ್ಟಮ್.

ಈ ಹೊತ್ತಿನಲ್ಲಿ ಯಾರೂ ಸೆಲ್ಫ್ ಹೊಡೆಯಬಾರದು. ಸ್ಟಾರ್ಟರ್ ಮೋಟರ್ 100 ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ, ಮೀಟರ್ ಸುಟ್ಟು ಹೋಗುತ್ತದೆ. ಬಾಗಿಲು ತೆರೆದರೂ ದೀಪ ಹತ್ತಿ ಲೆಕ್ಕ ಮತ್ತೆ ಮೊದಲಿನಿಂದ ಶುರು. ಫ್ಯೂಸ್ ಡಬ್ಬಿ ಗಾಡಿಯ ಒಳಗಿದ್ದರೆ ಬಾಗಿಲು ತೆರೆದಿಟ್ಟು, ಅದರ ಅಂಚಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಲಾಕ್ ಬೀಳಿಸಿ. ಬಾಗಿಲು ಹಾಕಿದೆ ಅಂತ ಕಾರು ತಿಳಿದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಹ್ಯಾಂಡಲ್ ಎಳೆದು ಆ ಕೊಕ್ಕೆ ಬಿಡಿಸುವುದನ್ನು ಮರೆಯಬೇಡಿ. ಹಾಗೇ ಬಾಗಿಲು ಬಡಿದರೆ ಲಾಕ್ ಮುರಿಯುತ್ತದೆ.

ಎರಡು ವಾರದೊಳಗೆ ವಾಪಸ್ ಬರುವುದಾದರೆ

ಬ್ಯಾಟರಿ ಚೆನ್ನಾಗಿದ್ದು ಸೋರಿಕೆ ಕಡಿಮೆ ಇದ್ದರೆ ಹೆಚ್ಚೇನೂ ಮಾಡುವ ಅಗತ್ಯವಿಲ್ಲ. ಡ್ಯಾಶ್‌ಕ್ಯಾಮ್ ಕಿತ್ತಿಡಿ, ಒಳಗಿನ ದೀಪ ಬಂದ್ ಇದೆಯೇ ನೋಡಿ. ಬಟನ್ ಸ್ಟಾರ್ಟ್ ಗಾಡಿಯಾದರೆ ಕೀಲಿಯನ್ನು ಕಾರಿನ ಪಕ್ಕದ ಗೋಡೆಯ ಮೊಳೆಗೆ ತೂಗು ಹಾಕಬೇಡಿ. ಕೀಲಿ ಹತ್ತಿರವಿದ್ದರೆ ಕೆಲವು ಕಾರುಗಳು ಮತ್ತೆ ಮತ್ತೆ ಎಚ್ಚರಗೊಳ್ಳುತ್ತವೆ.

ವಾರಕ್ಕೊಮ್ಮೆ ಓಡಿಸುವವರು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ನಿಜವಾಗಿ ಓಡಿಸಬೇಕು. ಗೋಳಗುಮ್ಮಟದ ತನಕ ಹೋಗಿ ಚಹಾ ಕುಡಿದು ಬಂದರೆ ಸಾಲದು. ತಿಕೋಟಾ ಕಡೆಗೋ ಸೋಲಾಪುರ ರಸ್ತೆಗೋ ಹೋಗಿ, ಮುಕ್ಕಾಲು ತಾಸು ಒಂದೇ ಸಮ ಓಡಿಸಿ ಬರಲಿ. ಟೈರ್, ಬ್ರೇಕ್, ಎಸಿ ಎಲ್ಲಕ್ಕೂ ಒಳ್ಳೆಯದೇ.

ಈಗ ಐದು ನಿಮಿಷದ ಮದ್ದಿಗೆ ಬರುತ್ತೇನೆ. ಸೆಲ್ಫ್ ಹೊಡೆದಾಗ ಹೋಗುವ ಕರೆಂಟ್ ದೊಡ್ಡದು, ಆದರೆ ಒಂದೆರಡು ಸೆಕೆಂಡ್ ಮಾತ್ರ. ಅದು ಇಂಜಿನ್ ಸ್ವಲ್ಪ ಹೊತ್ತು ಓಡಿದರೆ ಮರಳಿ ಬರುತ್ತದೆ. ಮರಳಿ ಬಾರದೆ ಇರುವುದು ವಾರವೆಲ್ಲ ಸೋರಿದ ಏಳೆಂಟು ಆಂಪಿಯರ್ ಅವರ್. ನಿಂತಲ್ಲೇ ಗುರುಗುಡುವ ಇಂಜಿನ್ನಿನಲ್ಲಿ ಬ್ಯಾಟರಿ ತುಂಬುವ ಡೈನಮೋ (ಆಲ್ಟರ್ನೇಟರ್) ನಿಧಾನಕ್ಕೆ ತಿರುಗುತ್ತದೆ, ಕೊಡುವುದೂ ಕಡಿಮೆ. ಅದರಲ್ಲಿ ಎಸಿ, ಲೈಟು, ಹಾಡು ಹಾಕಿ ಕೂತರೆ ಬ್ಯಾಟರಿಗೆ ಉಳಿಯುವುದು ಚೂರುಪಾರು. ಜೊತೆಗೆ ಇಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರ್ ಒಳಗೆ ನೀರು ಉಳಿಯುತ್ತದೆ, ಆಯಿಲ್‌ಗೆ ಪೆಟ್ರೋಲ್ ಸೇರುತ್ತದೆ. ಪೆಟ್ರೋಲ್ ದುಡ್ಡೂ ಹೋಯಿತು. ಗೇಟಿನೊಳಗೆ ಸ್ಟಾರ್ಟ್ ಮಾಡಿ ಸಮಾಧಾನ ಪಡುವ ಬದಲು ಮುಂದಿನ ಕೆಲಸ ಮಾಡಿ.

ತಿಂಗಳು, ಎರಡು ತಿಂಗಳು ನಿಲ್ಲುವುದಾದರೆ: ಮೈನಸ್ ಬಿಚ್ಚಿ

ಖರ್ಚಿಲ್ಲದ ದಾರಿ ಇದು. ಬೇಕಾದ್ದು ಒಂದು 10 ನಂಬರಿನ ಪಾನಾ. ಬಿಚ್ಚುವ ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು.

1. ಕಿಟಕಿಗಳನ್ನು ಪೂರ್ತಿ ಏರಿಸಿ. ಹಳೆಯ ಮ್ಯೂಸಿಕ್ ಸಿಸ್ಟಮಿಗೆ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ. ಡಿಕ್ಕಿಯಲ್ಲಿ ಬೇಕಾದ ಸಾಮಾನಿದ್ದರೆ ಈಗಲೇ ತೆಗೆಯಿರಿ. ಎಷ್ಟೋ ಕಾರುಗಳ ಡಿಕ್ಕಿ ಕರೆಂಟ್ ಇಲ್ಲದೆ ತೆರೆಯುವುದಿಲ್ಲ.

2. ಬಾನೆಟ್ ತೆರೆದಿಟ್ಟು, ಬಾಗಿಲುಗಳನ್ನು ರಿಮೋಟಿನಿಂದ ಲಾಕ್ ಮಾಡಿ. ಹತ್ತು ನಿಮಿಷ ಬಿಡಿ.

3. ಮೊದಲು ಮೈನಸ್ ಕೇಬಲ್, ಅದೊಂದೇ ಸಾಕು. ಪ್ಲಸ್ ಮುಟ್ಟುವುದೇ ಬೇಡ. ಕಾರಿನ ಬಾಡಿಯೆಲ್ಲ ಮೈನಸ್ಸಿಗೆ ಸೇರಿರುತ್ತದೆ. ಮೊದಲು ಪ್ಲಸ್ ಬಿಚ್ಚಲು ಹೋಗಿ ಪಾನಾದ ಇನ್ನೊಂದು ತುದಿ ಬಾಡಿಗೆ ತಾಗಿತೋ, ಕಿಡಿ ಹಾರಿ ಪಾನಾ ಅಲ್ಲೇ ಬೆಸುಗೆಯಾಗುತ್ತದೆ. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ.

4. ಬಿಚ್ಚಿದ ಕೇಬಲ್ಲಿನ ತಲೆಗೆ ದಪ್ಪ ಬಟ್ಟೆ ಸುತ್ತಿ ಪಕ್ಕಕ್ಕೆ ಬಗ್ಗಿಸಿಡಿ, ತಾನೇ ಹೋಗಿ ಗೂಟಕ್ಕೆ ತಾಗಬಾರದು. ಬಾನೆಟ್ ಹಾಕಿ.

ವಾಪಸ್ ಬಂದಾಗ ಬಾಗಿಲು ಕೀಲಿಯಿಂದಲೇ ತೆರೆಯಬೇಕು. ರಿಮೋಟ್ ಮಾತ್ರ ಇರುವ ಕೀಲಿಗಳ ಹೊಟ್ಟೆಯಲ್ಲಿ ಸಣ್ಣ ಲೋಹದ ಕೀಲಿ ಅಡಗಿರುತ್ತದೆ. ಊರು ಬಿಡುವ ಮೊದಲೇ ಅದನ್ನು ಒಮ್ಮೆ ತಿರುಗಿಸಿ ನೋಡಿ, ಧೂಳು ಕೂತು ಬಿಗಿದಿರುತ್ತದೆ. ಕೇಬಲ್ ಹಾಕಿದ ಮೇಲೆ ಗಡಿಯಾರ ಸರಿ ಮಾಡಬೇಕು. ಒಂದೇ ಒತ್ತಿಗೆ ಏರುವ ಕಿಟಕಿ ಅರ್ಧಕ್ಕೆ ನಿಂತರೆ, ಪೂರ್ತಿ ಏರಿಸಿ ಬಟನ್ ಕೆಲವು ಸೆಕೆಂಡ್ ಹಿಡಿದರೆ ಹೆಚ್ಚಿನ ಗಾಡಿಗಳಲ್ಲಿ ಸರಿಹೋಗುತ್ತದೆ. ಇಂಜಿನ್ ಮೊದಲ ಕೆಲವು ನಿಮಿಷ ಏರಿಳಿತ ಮಾಡಬಹುದು, ಅದು ರೋಗವಲ್ಲ.

ಬಿಚ್ಚುವಾಗಲೇ ಟರ್ಮಿನಲ್ಲಿನ ಬಿಳಿ, ಹಸಿರು ಹುಡಿಯನ್ನೂ ತೆಗೆದುಬಿಡಿ. ಬಿಸಿ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ನೊರೆ ಬಂದು ಹೋಗುತ್ತದೆ. ಒರೆಸಿ, ಒಣಗಿಸಿ, ತೆಳ್ಳಗೆ ವ್ಯಾಸಲೀನ್ ಸವರಿ. ಬೆಳಗಾವಿ ಕಡೆಯ ಜಿಟಿಜಿಟಿ ಮಳೆಯಲ್ಲಿ ನಿಲ್ಲುವ ಗಾಡಿಗೆ ಇದು ಇನ್ನೂ ಮುಖ್ಯ. ನೀರು ಹಾಕುವ ಬ್ಯಾಟರಿಯಾದರೆ ಮುಚ್ಚಳ ತೆಗೆದು ನೋಡಿ. ಪ್ಲೇಟ್ ಮುಳುಗಿರಬೇಕು. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಬೇಡ, ನಮ್ಮ ಬೋರ್‌ವೆಲ್ಲಿನ ಗಡಸು ನೀರಂತೂ ಬೇಡವೇ ಬೇಡ. ಪ್ಲೇಟ್ ಕಾಣುತ್ತಿದ್ದರೆ ಮುಳುಗುವಷ್ಟು ಮಾತ್ರ ಹಾಕಿ, ಚಾರ್ಜ್ ಆದ ಮೇಲೆ ಗುರುತಿನ ತನಕ ತುಂಬಿಸಿ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಚೆಲ್ಲುತ್ತದೆ.

ಬ್ಯಾಟರಿಯನ್ನೇ ತೆಗೆದು ಮನೆಯೊಳಗೆ ತಂಪಿನಲ್ಲಿ ಇಡುವವರೂ ಇದ್ದಾರೆ. ಬೇಸಿಗೆಯಲ್ಲಿ ಅದು ಒಳ್ಳೆಯದೇ. ಫರ್ಸಿ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಅನ್ನುವ ಮಾತು ಹಳೆಯ ಕಾಲದ್ದು, ಇವತ್ತಿನ ಪ್ಲಾಸ್ಟಿಕ್ ಡಬ್ಬಿಗೆ ಅದು ಹತ್ತುವುದಿಲ್ಲ. ಮಕ್ಕಳ ಕೈಗೆ ಸಿಗದಂತೆ, ನೆಟ್ಟಗೆ ಇಡಿ. ಎಲ್ಲಿದ್ದರೂ ಎರಡು ತಿಂಗಳಿಗೊಮ್ಮೆ, ಬಿಸಿಲುಗಾಲದಲ್ಲಿ ತಿಂಗಳಿಗೊಮ್ಮೆ ಮೀಟರ್ ಹಿಡಿದು ನೋಡಬೇಕು.

ಅದಕ್ಕಿಂತ ಜಾಸ್ತಿ ದಿನ: ಚಾರ್ಜರ್ ಕಟ್ಟಿ

ವರ್ಷಕ್ಕೊಮ್ಮೆ ರಜೆಗೆ ಬರುವ ಸೈನಿಕರ ಮನೆಗೆ, ಗಾಡಿ ಇಡೀ ಸೀಜನ್ ನಿಲ್ಲುವ ಮನೆಗೆ ಸ್ಮಾರ್ಟ್ ಚಾರ್ಜರ್ ಹೇಳಿದ್ದು. ಅದು ಮೊದಲು 14.4 ವೋಲ್ಟಿನ ಹತ್ತಿರ ಒಯ್ದು ಬ್ಯಾಟರಿ ತುಂಬುತ್ತದೆ, ತುಂಬಿದ ಮೇಲೆ 13.5ರ ಆಸುಪಾಸಿಗೆ ಇಳಿದು ಸೋರಿದಷ್ಟನ್ನೇ ಕೊಡುತ್ತಾ ಕೂರುತ್ತದೆ. ತಾನೇ ಇಳಿಯದ, ಒಂದೇ ಸಮ ತುಂಬುವ ಹಳೆಯ ಮಾದರಿ ಚಾರ್ಜರ್ ಬೇಡ. ಅದನ್ನು ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಕುದಿದು ಬ್ಯಾಟರಿ ಉಬ್ಬುತ್ತದೆ.

ಬ್ಯಾಟರಿಯ ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು ಕರೆಂಟ್ ಕೊಡುವುದು ಹಳೆಯ, ಒಳ್ಳೆಯ ಲೆಕ್ಕ. 35ರ ಬ್ಯಾಟರಿಗೆ ಮೂರೂವರೆ ಆಂಪಿಯರ್. ಖಾಲಿಯಿಂದ ತುಂಬಲು ಹನ್ನೆರಡು ತಾಸು ಹಿಡಿಯಬಹುದು, ಹಿಡಿಯಲಿ. ಅಂಗಡಿಯಲ್ಲಿ "ಒಂದು ತಾಸಿನಲ್ಲಿ ಕೊಡ್ತೀವಿ" ಅಂದರೆ "ನಾಳೆ ಬಂದು ಒಯ್ತೀನಿ, ಸಾವಕಾಶ ಚಾರ್ಜ್ ಮಾಡ್ರೀ" ಅನ್ನಿ.

ಮನೆಯ ಇನ್ವರ್ಟರಿಗೆ ಕಾರಿನ ಬ್ಯಾಟರಿ ಜೋಡಿಸಿ ಚಾರ್ಜ್ ಮಾಡುವ ಐಡಿಯಾ ಬಿಟ್ಟುಬಿಡಿ. ಇನ್ವರ್ಟರ್ 150 ಆಂಪಿಯರ್ ಅವರ್ ಬ್ಯಾಟರಿಗೆ ಅಂತ ಮಾಡಿದ್ದು. ಹತ್ತಕ್ಕಿಂತ ಜಾಸ್ತಿ ಆಂಪಿಯರ್ ನುಗ್ಗಿಸಿ ಸಣ್ಣ ಬ್ಯಾಟರಿಯನ್ನು ಕಾಯಿಸುತ್ತದೆ.

ಖರೀದಿಸುವಾಗ ಒಂದು ಪ್ರಶ್ನೆ ಕೇಳಿ: ಕರೆಂಟ್ ಹೋಗಿ ಬಂದರೆ ಚಾರ್ಜರ್ ತಾನೇ ಶುರುವಾಗುತ್ತದೆಯೇ? ಕೆಲವು ಮಾದರಿಗಳಲ್ಲಿ ಪ್ರತಿ ಸಲ ಬಟನ್ ಒತ್ತಬೇಕು. ನಮ್ಮ ಹಳ್ಳಿಗಳಲ್ಲಿ ಕರೆಂಟ್ ಬಂದು ಹೋಗುವ ಆಟ ಗೊತ್ತಲ್ಲ. ಮೊದಲ ಕಟ್‌ಗೇ ಚಾರ್ಜರ್ ಸುಮ್ಮನಾಗಿ, ಮುಂದಿನ ಮೂರು ತಿಂಗಳು ತೋರಿಕೆಗೆ ಕಟ್ಟಿಕೊಂಡೇ ಇರುತ್ತದೆ.

ಜೋಡಿಸುವಾಗ (ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿರಬಾರದು) ಮೊದಲು ಕೆಂಪು ಕ್ಲಿಪ್ ಪ್ಲಸ್‌ಗೆ, ಆಮೇಲೆ ಕಪ್ಪು ಕ್ಲಿಪ್ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಕೊನೆಗೆ ಗೋಡೆಯ ಸ್ವಿಚ್. ತೆಗೆಯುವಾಗ ಸ್ವಿಚ್ಚಿನಿಂದ ಶುರು. ಚಾರ್ಜ್ ಆಗುವಾಗ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಬೀಡಿ, ಊದಿನಕಡ್ಡಿ, ದೀಪ ಯಾವುದೂ ಹತ್ತಿರ ಬೇಡ. ಗಾಳಿಯಾಡುವ ಜಾಗ ಇರಲಿ.

ಸೋಲಾರ್ ಬಗ್ಗೆ ಬಹಳ ಜನ ಕೇಳುತ್ತಾರೆ, ಬಿಸಿಲಿಗೇನು ಬರ ಇಲ್ಲವಲ್ಲ. ಗಾಜಿನ ಹಿಂದೆ ಇಡುವ 5 ಅಥವಾ 10 ವ್ಯಾಟಿನ ಪ್ಯಾನೆಲ್ ಸೋರಿಕೆಗೆ ಸಾಕಾಗುತ್ತದೆ. ಆದರೆ ಕಾರು ಬಿಸಿಲಲ್ಲಿ ನಿಲ್ಲಬೇಕು, ಕವರ್ ಹಾಕುವಂತಿಲ್ಲ. ಬ್ಯಾಟರಿ ಉಳಿಸಲು ಹೋಗಿ ಬಣ್ಣ, ರಬ್ಬರ್, ಡ್ಯಾಶ್‌ಬೋರ್ಡ್ ಎಲ್ಲ ಸುಟ್ಟುಕೊಂಡಂತೆ. ತಗಡಿನ ಶೆಡ್ಡಿನ ಮೇಲೆ ಪ್ಯಾನೆಲ್ ಇಟ್ಟು ವೈರ್ ಕೆಳಗೆ ತಂದರೆ ಒಪ್ಪಬಹುದು, ನಡುವೆ ಚಾರ್ಜ್ ಕಂಟ್ರೋಲರ್ ಇರಬೇಕು. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಪ್ಯಾನೆಲ್ ತರುವ ಮೊದಲು ಕೀಲಿ ತೆಗೆದು ನೋಡಿ. ಹಲವು ಕಾರುಗಳಲ್ಲಿ ಕೀಲಿ ತೆಗೆದರೆ ಆ ಸಾಕೆಟ್ ಸತ್ತಿರುತ್ತದೆ, ಹಾಗಿದ್ದರೆ ಪ್ಯಾನೆಲ್ ಹಾಕಿ ಉಪಯೋಗವಿಲ್ಲ.

ಎಲೆಕ್ಟ್ರಿಕ್ ಕಾರಿಗೆ ಇದೆಲ್ಲ ಇಲ್ಲ ಅಂದುಕೊಳ್ಳಬೇಡಿ. ಅದರಲ್ಲೂ ಲಾಕ್, ಲೈಟು, ಕಂಪ್ಯೂಟರಿಗೆ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಇಳಿದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳುವುದಿಲ್ಲ. ಅದಕ್ಕೆ ಕಂಪನಿ ಕೊಟ್ಟ ಪುಸ್ತಕ ನೋಡಿಯೇ ಕೈ ಹಾಕಿ. ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಡಿ.

ಬಾನೆಟ್ ತೆಗೆದಾಗಲೆಲ್ಲ ಇಲಿ ಬಂದ ಗುರುತು ಇದೆಯೇ ನೋಡಿ. ನಿಂತ ಗಾಡಿ ಅವಕ್ಕೆ ಹೇಳಿ ಮಾಡಿಸಿದ ಮನೆ. ಕೆಲವರು ತಂಬಾಕಿನ ಎಲೆ ಕಟ್ಟಿಡುತ್ತಾರೆ. ನಿಪ್ಪಾಣಿ ಕಡೆಯವರಿಗೆ ಅದೇನು ಕಷ್ಟವಲ್ಲ. ಕಡಿದ ವೈರ್ ಬಾಡಿಗೆ ತಾಗಿದರೆ ಬ್ಯಾಟರಿ ಇಳಿಯುವುದಷ್ಟೇ ಅಲ್ಲ, ಬೆಂಕಿಯೂ ಹತ್ತಬಹುದು.

ಆದರೂ ಇಳಿದೇ ಬಿಟ್ಟರೆ

ಪಕ್ಕದ ಮನೆಯ ಕಾರಿನಿಂದ ಜಂಪ್ ಕೊಡಿ. ಟ್ರ್ಯಾಕ್ಟರಿನದ್ದೂ ಸಾಮಾನ್ಯವಾಗಿ 12 ವೋಲ್ಟೇ, ಅದರ ಇಂಜಿನ್ ಬಂದ್ ಇಟ್ಟು ಜೋಡಿಸಬಹುದು. ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ, ಅದನ್ನು ಕೊಟ್ಟರೆ ಕಾರಿನ ಕಂಪ್ಯೂಟರ್ ಸುಡುತ್ತದೆ. ಕೆಂಪು ಕೇಬಲ್ ಇಳಿದ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ಇಳಿದ ಗಾಡಿಯ ಇಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರ. ಚಾಲೂ ಆದ ಮೇಲೆ ಇದೇ ದಾರಿಯಲ್ಲಿ ಹಿಂದಕ್ಕೆ ಬಿಚ್ಚುತ್ತಾ ಬನ್ನಿ. ತಳ್ಳಿ ಎಬ್ಬಿಸುವುದು ಗೇರಿನ ಗಾಡಿಗೆ ಮಾತ್ರ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಪೆಟ್ರೋಲ್ ಪಂಪೇ ಓಡುವುದಿಲ್ಲ, ಎಷ್ಟು ತಳ್ಳಿದರೂ ಬೆವರು ಅಷ್ಟೇ.

ಇಂಜಿನ್ ಓಡುತ್ತಿರುವಾಗ ಟರ್ಮಿನಲ್ ಕಿತ್ತು "ಡೈನಮೋ ಸರಿ ಇದೆಯಾ ನೋಡೋಣ" ಅನ್ನುವ ಮೆಕ್ಯಾನಿಕ್ ಇನ್ನೂ ಇದ್ದಾರೆ. ಬಿಡಬೇಡಿ. ಆ ಕ್ಷಣ ಏರುವ ವೋಲ್ಟೇಜ್ ಕಂಪ್ಯೂಟರನ್ನು ಕೊಲ್ಲಬಹುದು. ಮೀಟರ್ ಹಿಡಿದು ನೋಡಿದರೆ ಸಾಕು. ಇಂಜಿನ್ ಓಡುವಾಗ 13.8ರಿಂದ 14.5ರೊಳಗೆ ಬಂದರೆ ಡೈನಮೋ ಸರಿ ಇದೆ.

ಜಂಪ್ ಕೊಟ್ಟು ಎಬ್ಬಿಸಿದ ದಿನವೇ ಬ್ಯಾಟರಿಯನ್ನು ಚಾರ್ಜಿಂಗ್‌ಗೆ ಹಾಕಿ. ತುಂಬಿಸಿ ಒಂದು ರಾತ್ರಿ ಬಿಟ್ಟ ಮೇಲೆ 12.4 ನಿಲ್ಲದಿದ್ದರೆ ಅದರ ಆಯುಷ್ಯ ಮುಗಿದಿದೆ. ಹೊಸದು ತರುವಾಗ ತಯಾರಾದ ತಿಂಗಳು ನೋಡಿ, ಅಂಗಡಿಯ ರ‍್ಯಾಕಿನಲ್ಲಿ ವರ್ಷ ಕೂತದ್ದು ಬೇಡ. ಗ್ಯಾರಂಟಿ ಕಾರ್ಡಿನ ಮೇಲೆ ತಾರೀಖು ಬರೆಸಿ ಸೀಲ್ ಹಾಕಿಸಿಕೊಳ್ಳಿ. ಹಳೆಯದನ್ನು ಅಂಗಡಿಗೇ ಕೊಡಿ, ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ. ಎಷ್ಟು ಅನ್ನುವುದನ್ನು ಹೊಸದರ ರೇಟ್ ಮಾತಾಡುವ ಮೊದಲೇ ಕೇಳಿಕೊಳ್ಳಿ.